ಯಲಬುರ್ಗಾದಲ್ಲಿ ತೆರೆದ ವಿಂಡೋ

ಪರದೆಯೇ ಇಲ್ಲದ ಯಂತ್ರಕ್ಕೆ ಚಿತ್ರಗಳಿರುವ ಇನ್‌ಸ್ಟಾಲರ್ ಬರೆಯುವವರ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ನಾನು ಕೆಲಸ ಮಾಡುವುದು ಒಂದು ಬೀಜದ ಕಂಪನಿಯಲ್ಲಿ. ಅದರ ಯುನಿಕ್ಸ್ ಸರ್ವರ್ ಕೊಪ್ಪಳದ ಮುಖ್ಯ ಕಚೇರಿಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿದೆ. ಅದಕ್ಕೆ ಮಾನಿಟರ್ ಇಲ್ಲ, ಮೌಸ್ ಇಲ್ಲ. ಜೊತೆಗಿರುವುದು ಸೋರುವ ಒಂದು ಎಸಿ, ಅದರ ಕೆಳಗೊಂದು ಬಕೆಟ್. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಶಾಖೆಗಳಲ್ಲಿ ಬೀಜದ ಮೊಳಕೆ ಎಣಿಸಿದವರು ತಮ್ಮ ತಮ್ಮ ಡೆಸ್ಕ್‌ಟಾಪಿನಿಂದ ಅಂಕಿಗಳನ್ನು ಅದಕ್ಕೆ ತುಂಬುತ್ತಾರೆ. ಇಂಥ ಯಂತ್ರಕ್ಕೆ ತಂತ್ರಾಂಶ ಹಾಕುವಾಗ, ಗುಂಡಿಗಳನ್ನು ತೋರಿಸಿ ಒಂದೊಂದಾಗಿ ಒತ್ತಿಸಿಕೊಂಡ ಹೊರತು ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿಯುವ ಪ್ರೋಗ್ರಾಮನ್ನು ಯಾರೋ ಪದವೀಧರರು ಸಂಬಳ ತೆಗೆದುಕೊಂಡು ಬರೆದಿರುತ್ತಾರೆ.

ಉಪಾಯ ಇದೆ. ದೂರದ ಡೆಸ್ಕ್‌ಟಾಪಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡಿಸಿಟ್ಟು, ನಿನ್ನ ವಿಂಡೋಗಳನ್ನು ಇಂಥ ವಿಳಾಸದ ಪರದೆಗೆ ಕಳಿಸು ಎಂದು ಸರ್ವರಿಗೆ ಒಂದು ಸಾಲಿನಲ್ಲಿ ಹೇಳಬೇಕು. ಇನ್‌ಸ್ಟಾಲರ್ ಓಡುವುದು ಕೊಪ್ಪಳದಲ್ಲಿ, ಅದರ ಮುಖ ಕಾಣುವುದು ಕುಷ್ಟಗಿಯಲ್ಲಿ. ಕಂಡಕಂಡವರು ಪರದೆಗೆ ವಿಂಡೋ ಕಳಿಸದಂತೆ ಒಂದು ಕಾವಲೂ ಇರುತ್ತದೆ. ಎಲ್ಲ ಶಾಖೆಗಳಲ್ಲಿ ಆ ಪ್ರೋಗ್ರಾಂ ಸದಾ ಓಡುತ್ತಿರುವಂತೆ ಮಾಡಿ, ಕಾವಲನ್ನು ಕಿತ್ತುಹಾಕಿದವನು ನಾನೇ. ಯಾವ ಊರಿಗೆ ಹೋದರೂ ಅಲ್ಲಿಂದಲೇ ಕೆಲಸ ಮುಗಿಸುವ ಅನುಕೂಲ ಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಭದ್ರತೆಯ ಮೇಲೆ ಒಂದು ಇಡೀ ಪೇಪರ್ ಬರೆದು ಪಾಸಾಗಿದ್ದೆ.

ಚಿತ್ರಗಳಿಲ್ಲದೆಯೂ ಮಾಡಬಹುದಿತ್ತು. ಉತ್ತರಗಳನ್ನು ಮೊದಲೇ ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಇನ್‌ಸ್ಟಾಲರ್ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತದೆ. ಮ್ಯಾನೇಜರ್ ಒಪ್ಪಲಿಲ್ಲ.

"ಕರೀ ಪರದೆ ಮ್ಯಾಲ ನೀವು ಏನ್ ಟೈಪ್ ಮಾಡ್ತೀರೋ ಯಾರಿಗೆ ಗೊತ್ರಿ? ಕೆಲಸ ಎಷ್ಟಾತು ಅಂತ ಹಸರ ಪಟ್ಟಿ ಓಡೋದು ಕಾಣಬೇಕು. ಫೋಟೋ ತಗದು ಕಳಸ್ರಿ, ಮ್ಯಾಲಿನವ್ರಿಗೆ ತೋರಸಬೇಕು."

ಕೆಲಸ ನಡೆದಿದೆ ಎಂಬುದಕ್ಕೆ ಆ ಕಚೇರಿ ಒಪ್ಪುತ್ತಿದ್ದ ಸಾಕ್ಷಿ ಅದೊಂದೇ.

ಮೊದಲ ದಿನ ಯಲಬುರ್ಗಾಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಣ್ಣುಮಗಳು. ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದರು. ಇವರು ಬಿಕಾಂ ಮುಗಿಸಿ ಐದು ವರ್ಷದಿಂದ ಗುತ್ತಿಗೆಯ ಮೇಲಿದ್ದರು. ಆ ತಿಂಗಳ ಕೊನೆಗೆ ಅವರನ್ನು ಕಾಯಂ ಮಾಡುವ ಕಾಗದಕ್ಕೆ ಮ್ಯಾನೇಜರ್ ಸಹಿ ಹಾಕಬೇಕಿತ್ತು. ಅವರ ಮೇಜಿನೆದುರು ಗೋಡೆಗೆ ಮುಖ್ಯ ಕಚೇರಿಯ ಒಂದು ಹಾಳೆ ಅಂಟಿಸಿತ್ತು: ಪರದೆಯ ಮೇಲೆ ಯಾವ ಡಬ್ಬಿ ಬಂದರೂ ಓಕೆ ಒತ್ತಿ, ಫೋನ್ ಮಾಡಬೇಡಿ. ನಮ್ಮ ತಂತ್ರಾಂಶ ದಿನವಿಡೀ ಅರ್ಥವಿಲ್ಲದ ಎಚ್ಚರಿಕೆಗಳನ್ನು ಕಕ್ಕುತ್ತಿತ್ತು. ಅದನ್ನು ಸರಿಪಡಿಸುವ ಬದಲು ಮ್ಯಾನೇಜರ್ ಕಂಡುಕೊಂಡ ಪರಿಹಾರ ಇದು.

ಅವರ ಪರದೆಗೆ ವಿಂಡೋ ತರಿಸಿ ಪರೀಕ್ಷಿಸಿದೆ. ಪ್ರತಿಸಲ ಟೈಪ್ ಮಾಡಲು ಸೋಮಾರಿತನ. ಯಲಬುರ್ಗಾದ ವಿಳಾಸದ ಸಾಲನ್ನು, ನಾನು ಸರ್ವರಿಗೆ ಹೊಕ್ಕಾಗಲೆಲ್ಲ ತಾನಾಗಿ ಓಡುವ ನನ್ನ ಲಾಗಿನ್ ಫೈಲಿಗೇ ಸೇರಿಸಿದೆ. ಹೊರಡುವ ಮುಂಚೆ ಅದನ್ನು ಅಳಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಿರ್ಚಿ ತಿಂದ ಕೈಯನ್ನು ಪೇಪರಿಗೆ ಒರೆಸಿಕೊಂಡು, ಸಾಲು ಅಳಿಸುವ ಡಿ ಕೀಲಿಯನ್ನು ಎರಡು ಸಲ ಒತ್ತಿದ್ದೆ. ಕೀಲಿಯ ಮೇಲೆ ಎಣ್ಣೆ ಹತ್ತಿದ್ದೂ ನೆನಪಿದೆ.

ಮರುದಿನ ಕುಷ್ಟಗಿಯಲ್ಲಿ ಕೂತು ನಿಜವಾದ ಇನ್‌ಸ್ಟಾಲರ್ ಓಡಿಸಿದೆ. ನನ್ನ ಪರದೆಯ ಮೇಲೆ ಏನೂ ಬರಲಿಲ್ಲ. ನೆಟ್‌ವರ್ಕಿನವರನ್ನು ಬೈದೆ, ಡೆಸ್ಕ್‌ಟಾಪನ್ನು ಬೈದೆ, ಕುಷ್ಟಗಿಯನ್ನೇ ಬೈದೆ. ಹೊರಗೆ ಹೋಗಿ ಚಹಾ ಕುಡಿಯುತ್ತಿದ್ದಾಗ ಯಲಬುರ್ಗಾದಿಂದ ಫೋನ್ ಬಂತು.

"ಸರ್, ಹಸರ ಪಟ್ಟಿ ಪೂರಾ ತುಂಬೈತಿ. ಫೋಟೋ ತಗದು ಸಾಹೇಬ್ರಿಗೆ ಕಳಸ್ಲೇನ್ರಿ?"

"ಯಾವ ಪಟ್ಟಿ?"

"ನೀವ ಕಳಿಸಿದ್ದಲ್ರಿ? ನಿನ್ನಿ ಬಂದಂಥಾದ್ದ. ಹಳೇದನ್ನ ಅಳಿಸಿ ಹಾಕ್ಲ್ಯಾ ಅಂತ ಕೇಳ್ತು. ಓಕೆ ಒತ್ತೇನ್ರಿ."

ಹಳೆಯದು ಎಂದರೆ ಆ ಹಂಗಾಮಿನ ಎಲ್ಲ ಮೊಳಕೆ ಎಣಿಕೆ. ಆ ಪ್ರಶ್ನೆ ನನ್ನೆದುರು ಬಂದಿದ್ದರೆ ಬೇಡ ಎನ್ನುತ್ತಿದ್ದೆ, ಬೇರೆ ಜಾಗ ತೋರಿಸುತ್ತಿದ್ದೆ. ಬ್ಯಾಕಪ್‌ನಿಂದ ಬಹುಪಾಲು ವಾಪಸ್ ಬಂತು, ಎರಡು ದಿನದ ಅಂಕಿಗಳು ಬರಲಿಲ್ಲ. ಮೊಳಕೆಯ ಟ್ರೇಗಳನ್ನು ಆಗಲೇ ತೊಳೆದಿಟ್ಟಾಗಿತ್ತು, ಮತ್ತೆ ಎಣಿಸುವಂತಿರಲಿಲ್ಲ. ವಿಂಡೋಗಳು ಯಲಬುರ್ಗಾಕ್ಕೆ ಹೋದದ್ದು ಯಾಕೆ ಎಂದು ಲಾಗಿನ್ ಫೈಲ್ ತೆರೆದೆ. ನಾನು ಅಳಿಸಿದ್ದ ಸಾಲು ಅಲ್ಲೇ ಇತ್ತು.

ಎರಡು ದಿನ ಬಿಟ್ಟು ಕೊಪ್ಪಳದಲ್ಲಿ ಮೀಟಿಂಗ್ ಕರೆದರು. ಮ್ಯಾನೇಜರ್ ನೇರವಾಗಿ ಆ ಹೆಣ್ಣುಮಗಳ ಮೇಲೇ ಹರಿಹಾಯ್ದರು.

"ಏನವಾ, ಕಂಪನಿ ಸರ್ವರ್ ಅಂದ್ರ ನಿಮ್ಮನಿ ಮಿಕ್ಸರೇನು, ಕಂಡ ಗುಂಡಿ ಒತ್ತಾಕ?"

"ಡಬ್ಬಿ ಬಂದ್ರ ಒತ್ರಿ ಅಂತ ನೀವ ಹಾಳಿ ಹಚ್ಚಿಸೀರಲ್ರಿ ಸರ್."

"ಹಾಳ್ಯಾಗ ಬರದೈತಿ ಅಂತ ಬಾವ್ಯಾಗ ಬೀಳ್ತೀಯೇನು?"

"ಬೀಳೂ ಮುಂದ ಫೋನ್ ಮಾಡ್ತಿದ್ದೆ. ಅದನ್ನೂ ಬ್ಯಾಡ ಅಂತ ಬರದೀರಿ."

ಹಿಂದೆ ಕೂತ ಯಾರೋ ನಕ್ಕರು. ಆ ನಗೆ ಆ ಹೆಣ್ಣುಮಗಳಿಗೇ ಮುಳುವಾಯಿತು. ಕಾಯಂ ಮಾಡುವ ಕಾಗದ ಒಂದು ವರ್ಷ ಮುಂದಕ್ಕೆ ಹೋಯಿತು.

ನಾನು ಎದ್ದು ನಿಂತು, ತಪ್ಪು ನನ್ನದು, ಸಾಲು ನನ್ನದು ಎಂದು ಹೇಳಿದೆ. ನೆನಪು ಹಾಗಿದೆ. ಆ ನೆನಪಿನ ಬಲದಿಂದಲೇ ಮ್ಯಾನೇಜರನ್ನು ಹತ್ತು ತಿಂಗಳು ಮನಸಾರೆ ತಿರಸ್ಕರಿಸಿದೆ. ಸತ್ಯ ಕಿವಿಗೆ ಬಿದ್ದ ಮೇಲೂ ತೀರ್ಪು ಬದಲಿಸದ ಮನುಷ್ಯ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಹತ್ತು ತಿಂಗಳಾದ ಮೇಲೆ ಆ ಹೆಣ್ಣುಮಗಳು ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮಾತು ತೆಗೆದವನು ನಾನೇ. ಅವರಿಂದ ಎರಡು ಒಳ್ಳೆಯ ಮಾತು ಕೇಳುವ ಆಸೆ ಇತ್ತು.

"ನಾ ಅಷ್ಟು ಹೇಳಿದ್ರೂ ಆ ಮನಷ್ಯಾ ಕೇಳ್ಲಿಲ್ಲ ನೋಡ್ರಿ."

"ಅವರಿಗೆ ಯಾವಾಗ ಹೇಳಿದ್ರಿ ಸರ್?" ಅವರು ನನ್ನ ಮುಖ ನೋಡಿದರು. "ಒಳಗ ತಾಂತ್ರಿಕ ತೊಂದ್ರಿ ಅಂದು ಸುಮ್ನಾದ್ರಿ. ತಪ್ಪು ನಂದ ಅಂತ ನನಗ ಹೇಳಿದ್ರಿ, ಹೊರಗ, ಪಾಯಖಾನಿ ಬಾಜೂಕ."

"ಎದ್ದು ನಿಂತಿದ್ನಲ್ರಿ?"

"ನಿಂತಿದ್ರಿ. ಫ್ಯಾನ್ ಹಾಕಾಕ."

ಅವರದೂ ನೆನಪೇ, ಅದೂ ತಪ್ಪಿರಬಹುದು ಎಂದು ವಾದಿಸಲು ನೋಡಿದೆ. ಅಳಿಸಿದ್ದೇನೆಂದು ನಂಬಿದ್ದ ಆ ಸಾಲು ನೆನಪಿಗೆ ಬಂತು. ಅಷ್ಟು ದಿನ ಇನ್ನೊಬ್ಬರ ಮೇಲೆ ಉಗುಳಿದ ಅಸಹ್ಯಕ್ಕೆಲ್ಲ ನಾನೇ ಯೋಗ್ಯನಾಗಿದ್ದೆ.

"ಈಗೂ ಹೇಳಬೌದಲ್ರಿ," ಅಂದರು. "ಸಾಹೇಬ್ರೂ ಅವರ, ಕುರ್ಚೀನೂ ಅದ. ಎರಡು ತಿಂಗಳಿಗೆ ನನ್ನ ಕಾಗದ ಮತ್ತ ಅವರ ಮುಂದ ಬರತೈತಿ."

ಮರುದಿನವೇ ಕೊಪ್ಪಳಕ್ಕೆ ಹೋಗಿ ಹೇಳಿದೆ. "ಮುಗದ ಮಾತು, ಈಗ್ಯಾಕ್ರಿ?" ಅಂದರು ಮ್ಯಾನೇಜರ್. ಬರೆದು ಕೊಟ್ಟೆ. ಮುಟ್ಟಿದ್ದಕ್ಕೆ ಸಹಿ ಕೇಳಿದೆ. ಓದದೆ ಸಹಿ ಹಾಕಿ ಫೈಲಿಗೆ ತಳ್ಳಿದರು.

ಕಾಯಂ ಆದೇಶ ಬಂತು, ಆದರೆ ಹೊಸ ತಾರೀಕಿನಿಂದ. ಹೋದ ವರ್ಷದ ಸೇವೆ ಅದರಲ್ಲಿ ಇಲ್ಲ. ಅದನ್ನು ಸೇರಿಸಬೇಕೆಂದು ಇನ್ನೊಂದು ಪತ್ರ ಬರೆದು, ಕಳಿಸುವ ಮುಂಚೆ ಬಸ್ ನಿಲ್ದಾಣದಿಂದ ಅವರಿಗೆ ಫೋನ್ ಮಾಡಿ ತಿಳಿಸಿದೆ.

"ಅದ್ರಾಗ ನಿಮ್ಮ ತಪ್ಪು ಅಂತ ಐತೇನ್ರಿ?"

"ಐತ್ರಿ."

"ಓದಿ ಹೇಳ್ರಿ."

ಬಸ್ಸುಗಳ ಸದ್ದಿನ ನಡುವೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಕಡೆ ಅವರು ತಡೆದರು. ತಾಂತ್ರಿಕ ಎಂಬ ಮಾತು ಅಲ್ಲಿ ಯಾಕೆ ಎಂದು ಕೇಳಿದರು. ಪೆನ್ನು ತೆಗೆದು ಆ ಮಾತನ್ನು ಹೊಡೆದುಹಾಕಿ, ಪತ್ರವನ್ನು ಕಳಿಸಿದೆ.