ಹರ್ನಿಯಾ ಅಲ್ಲ, ವಸಂತ

ವಸಂತ, ನನಗೆ ಆದದ್ದು ಹರ್ನಿಯಾ ಆಪರೇಷನ್ ಅಲ್ಲ. ಪ್ರೊಸ್ಟೇಟ್ ಕ್ಯಾನ್ಸರ್. ಕಳೆದ ವರ್ಷ ಮಣಿಪಾಲದಲ್ಲಿ ಆ ಗ್ರಂಥಿಯನ್ನೇ ತೆಗೆದುಹಾಕಿದರು. ಮನೆಗೆ ಬಿಡುವ ದಿನ ಡಾಕ್ಟರು ಕೇಳಿದರು, "ನಿಮಗೆ ತಮ್ಮಂದಿರು ಇದ್ದಾರಾ? ಇದ್ದರೆ ಒಂದು ರಕ್ತಪರೀಕ್ಷೆ ಮಾಡಿಸಲಿಕ್ಕೆ ಹೇಳಿ. ಅಣ್ಣನಿಗೆ ಬಂದದ್ದು ತಮ್ಮನಿಗೂ ಬರುವ ಸಂಭವ ಉಂಟು." ಹೇಳುತ್ತೇನೆ ಎಂದು ತಲೆಯಾಡಿಸಿದೆ. ಹೇಳಲಿಲ್ಲ. ಮರೆತೆ ಎನ್ನಬಹುದಿತ್ತು — ಮರೆತಿರಲಿಲ್ಲ. ಬೇಕೆಂದೇ ಹೇಳಲಿಲ್ಲ.

ಐಸ್ ಪ್ಲಾಂಟಿನಲ್ಲಿ ಆಯುಷ್ಯ ಕಳೆದವನು ಭಾರ ಎತ್ತಿ ಹರ್ನಿಯಾ ಆಯಿತು ಎಂದರೆ ಯಾರಾದರೂ ನಂಬುತ್ತಾರೆ. ನಂಬಿದರು. ನಂಬಿ ನನ್ನ ಜೀವ ತಿಂದರು. ಕಾಪುವಿನ ನಮ್ಮ ಮನೆಗೆ ಎಳನೀರು ಹಿಡಿದುಕೊಂಡು ಬಂದವರೆಲ್ಲ, ಕೊಡ ಎತ್ತಬೇಡಿ, ಬಗ್ಗಬೇಡಿ, ಬಟಾಟೆ ತಿನ್ನಬೇಡಿ ಎಂದು ಉಪದೇಶ ಮಾಡಿ ಹೋದರು. ಹೆಜಮಾಡಿಯ ಅಕ್ಕನ ಮಗ ಒಂದು ಹರ್ನಿಯಾ ಬೆಲ್ಟನ್ನೇ ತಂದು, ತಾನೇ ನಿಂತು ನನ್ನ ಸೊಂಟಕ್ಕೆ ಬಿಗಿದ. ಒಳಗೆ ಡೈಪರ್, ಮೇಲೆ ಬೆಲ್ಟು. ಅವನು ಚಹಾ ಕುಡಿದು ಹೋಗುವವರೆಗೆ ಉಸಿರು ಬಿಗಿಹಿಡಿದು ಕುಳಿತಿದ್ದೆ.

ಹೌದು, ಡೈಪರ್. ಮೂತ್ರದ ಪೈಪು ತೆಗೆದ ಮೇಲೆ ನನ್ನ ನೀರು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕೆಮ್ಮಿದರೆ ಹೋಯಿತು, ಸೀನಿದರೆ ಹೋಯಿತು, ಕುರ್ಚಿಯಿಂದ ಎದ್ದರೆ ಹೋಯಿತು. ನಗುವುದನ್ನೇ ಕಡಿಮೆ ಮಾಡಿದೆ. ಕಾಪುವಿನ ಮೆಡಿಕಲಿನಲ್ಲಿ ಎಲ್ಲರೂ ಗುರುತಿನವರು ಎಂದು ಸುಮತಿ ಉಡುಪಿಯವರೆಗೆ ಬಸ್ಸಿನಲ್ಲಿ ಹೋಗಿ ಡೈಪರ್ ತರುತ್ತಿದ್ದಳು. ಹೆಂಡತಿಗೂ ಸುಳ್ಳು ಹೇಳುವ ಕೆಲಸ ಹಚ್ಚಿದೆ. "ವಸಂತನಿಗಾದರೂ ಹೇಳಿ ಮಾರಾಯ್ರೆ" ಎಂದು ಅವಳು ಹೇಳುತ್ತಲೇ ಇದ್ದಳು. ನಾನು ರೇಗುತ್ತಲೇ ಇದ್ದೆ.

ಏಕೆ ಹೇಳಲಿಲ್ಲ? ನಾಚಿಕೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಅದು ಅರ್ಧ ಸತ್ಯ. ಇನ್ನರ್ಧ — ಎಲ್ಲೂರಿನ ಕುಟುಂಬದ ಮನೆ. ನಮ್ಮ ಸೋದರಮಾವ ತೀರಿಕೊಂಡ ಮೇಲೆ, ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ತಂಬಿಲದ ಪೂಜೆ ಕೊಡುವಾಗ ಎಲ್ಲರ ಮುಂದೆ ನಿಂತು, ಕುಟುಂಬದ ಪರವಾಗಿ ಪ್ರಾರ್ಥನೆ ಹೇಳುವವನು ನಾನು. ಮೈ ಶುದ್ಧವಿಲ್ಲದವನು ಅಲ್ಲಿ ನಿಲ್ಲುವ ಹಾಗಿಲ್ಲ. ಸದಾ ನೀರು ಸೋರುವವನು ಶುದ್ಧವೋ ಅಶುದ್ಧವೋ, ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ, "ಈ ಸಲ ವಸಂತ ನಿಲ್ಲಲಿ" ಎನ್ನುತ್ತಾರೆ ಎಂಬ ಭಯ. ನೀನು ನಿಂತರೆ ಚೆನ್ನಾಗಿಯೇ ಹೇಳುತ್ತೀ, ನಿನ್ನ ಸ್ವರವೂ ನನ್ನದಕ್ಕಿಂತ ದೊಡ್ಡದು. ಮರುವರ್ಷ ಆ ಜಾಗ ನನಗೆ ವಾಪಸು ಸಿಗುತ್ತದೆಯೋ ಇಲ್ಲವೋ... ಇಷ್ಟೇ. ಬರೆಯುವಾಗ ನನಗೇ ಅಸಹ್ಯವಾಗುತ್ತದೆ.

ಕಳೆದ ಸಲದ ತಂಬಿಲದ ದಿನ ಬಿಳಿ ಮುಂಡಿನ ಒಳಗೆ ಡೈಪರ್ ಕಟ್ಟಿಕೊಂಡು ಚಾವಡಿಯ ಮುಂದೆ ನಿಂತೆ. ಕುಟುಂಬದ ಸಣ್ಣವರನ್ನು, ದೊಡ್ಡವರನ್ನು, ಎಲ್ಲರನ್ನೂ ಕಾಪಾಡಬೇಕೆಂದು ಕೈಮುಗಿದು ಗಟ್ಟಿಯಾಗಿ ಕೇಳಿಕೊಂಡೆ. ನೀನು ನನ್ನ ಬೆನ್ನ ಹಿಂದೆಯೇ ಇದ್ದೆ.

ಊಟವಾದ ಮೇಲೆ ಕೈ ತೊಳೆಯುವಲ್ಲಿ ನೀನು ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಹೇಳಿದೆ: "ಅಣ್ಣ, ನನಗೆ ರಾತ್ರಿ ಏಳುವುದು ಜಾಸ್ತಿ ಆಗಿದೆ. ಮೂತ್ರ ಸರಿ ಹೋಗುವುದಿಲ್ಲ. ನಿಮ್ಮ ಮಣಿಪಾಲದ ಡಾಕ್ಟರಿಗೆ ತೋರಿಸಲಾ?"

ಬಾಗಿಲು ನೀನೇ ತೆರೆದುಕೊಟ್ಟಿದ್ದೆ. ನಾನು ಹೇಳಿದೆ: "ಅವರು ಹರ್ನಿಯಾದವರು ಮಾರಾಯ. ನಿನಗೆ ಪ್ರಾಯ ಆಯಿತು, ಅಷ್ಟೇ. ರಾತ್ರಿ ನೀರು ಕಡಿಮೆ ಕುಡಿ."

ನೀನು ನಕ್ಕು, ಸರಿ ಎಂದು ಕಾರ್ಕಳಕ್ಕೆ ಹೋದೆ. ನನ್ನ ಮಾತನ್ನು ನೀನು ಯಾವತ್ತೂ ತೆಗೆದುಹಾಕಿದವನಲ್ಲ.

ಈಗ ನನ್ನ ರಕ್ತಪರೀಕ್ಷೆಯ ಅಂಕಿ ಪುನಃ ಏರತೊಡಗಿದೆ. ರೇಡಿಯೇಶನ್ ಬೇಕಂತೆ. ಅದರ ತಯಾರಿಯ ಕಥೆ ಕೇಳಿದರೆ ನೀನು ನಗುತ್ತೀ. ಇಷ್ಟು ತಿಂಗಳು ಹಿಡಿಯಿರಿ, ಹಿಡಿಯಿರಿ ಎಂದು ವ್ಯಾಯಾಮ ಕಲಿಸಿದವರು, ಈಗ ಹೊಟ್ಟೆ ತುಂಬ ನೀರು ಕುಡಿಸಿ, ಮೂತ್ರಚೀಲ ತುಂಬಿಸಿಕೊಂಡು ಅಲುಗಾಡದೆ ಮಲಗಿ ಎನ್ನುತ್ತಾರೆ. ತುಂಬಿದ್ದರೆ ಕಿರಣ ಬೇರೆ ಕಡೆ ತಾಗುವುದು ಕಡಿಮೆಯಂತೆ. ತುಂಬುವುದಕ್ಕೆ ಅದು ನಿಲ್ಲಬೇಕಲ್ಲ! ಮೊನ್ನೆ ಕಿರಣ ಬಿಡುವ ಜಾಗಕ್ಕೆ ಗುರುತು ಹಾಕಲು ಕರೆದಿದ್ದಾಗ ಮೇಜಿನ ಮೇಲೆ ಏರುವಷ್ಟರಲ್ಲೇ ಅರ್ಧ ಹೋಯಿತು. ಇಳಿದು, ಬಟ್ಟೆ ಬದಲಿಸಿ, ಮತ್ತೆ ನೀರು ಕುಡಿದು ಕಾಯುತ್ತ ಕೂತೆ. ಕೋಪದಲ್ಲಿ ಸುಮತಿಯ ಮೇಲೆ ಹಾರಿಬಿದ್ದೆ. ಪಾಪ, ಅವಳು ಬಾಟಲಿ ಹಿಡಿದುಕೊಂಡು ನಿಂತಿದ್ದಳು, ಅಷ್ಟೇ ಅವಳ ತಪ್ಪು.

ಅಷ್ಟರಲ್ಲಿ ಡಾಕ್ಟರು ಬಂದು ಕೇಳಿದರು, "ತಮ್ಮನಿಗೆ ಹೇಳಿದ್ದಿರಲ್ಲ, ಪರೀಕ್ಷೆ ಆಯಿತಾ?"

"ಆಯಿತು ಡಾಕ್ಟ್ರೆ. ಎಲ್ಲಾ ಸರಿ ಉಂಟಂತೆ."

ಸುಮತಿ ನನ್ನ ಮುಖ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು.

ಮನೆಗೆ ಬಂದ ಮೇಲೆ ನಿನ್ನ ಹೆಂಡತಿಯ ಫೋನು ಬಂತು, ಸುಮತಿಗೆ. ಇಷ್ಟು ದಿನ ಡಿಸ್ಕಿನದ್ದು ಎಂದು ನೀನು ಹೇಳುತ್ತಿದ್ದ ಸೊಂಟನೋವು ಡಿಸ್ಕಿನದ್ದಲ್ಲವಂತೆ. ಶುರುವಾದದ್ದು ಪ್ರೊಸ್ಟೇಟಿನಲ್ಲಿ, ಈಗ ಬೆನ್ನಿನ ಎಲುಬಿನವರೆಗೆ ಹೋಗಿದೆಯಂತೆ. ಮೊದಲೇ ಬಂದಿದ್ದರೆ ಎಂದು ಅಲ್ಲಿಯ ಡಾಕ್ಟರು ಅಂದರಂತೆ. ಎಲ್ಲಕ್ಕಿಂತ ಕೊನೆಗೆ ಅವಳು ಹೇಳಿದ್ದನ್ನು ಸುಮತಿ ನನಗೆ ಹಾಗೆಯೇ ಒಪ್ಪಿಸಿದಳು: "ಅಣ್ಣನಿಗೆ ಈಗ ಹೇಳಬೇಡಿ ಅಂತ ಇವರು ಹೇಳಿದ್ದಾರೆ ಅಕ್ಕ. ಆಪರೇಷನ್ ಆದವರು, ಹೆದರುತ್ತಾರೆ. ತಂಬಿಲ ಒಂದು ಕಳೆಯಲಿ."

ನೀನು ನನ್ನಿಂದ ಮುಚ್ಚಿಟ್ಟದ್ದು ನನ್ನ ಮೇಲಿನ ಪ್ರೀತಿಯಿಂದ. ನಾನು ನಿನ್ನಿಂದ ಮುಚ್ಚಿಟ್ಟದ್ದು — ಮುಂದಿನ ಸಾಲಿನಲ್ಲಿ ನಿಲ್ಲುವುದಕ್ಕೆ.

ಆಗಲೇ ಹೇಳಿದ್ದರೂ ಹೀಗೇ ಆಗುತ್ತಿತ್ತೋ ಏನೋ ಎಂದು ಯಾರಾದರೂ ಸಮಾಧಾನ ಮಾಡಲು ಬರಬಹುದು. ಆ ಸಮಾಧಾನ ನನಗೆ ಬೇಡ. ಅಂದು ಕೈ ತೊಳೆಯುವಲ್ಲಿ ನಿನಗೆ ಹೇಳುವುದಕ್ಕೆ ಒಂದು ಮಾತು ನನ್ನ ಬಾಯಲ್ಲಿತ್ತು. ನಾನು ಇನ್ನೊಂದು ಹೇಳಿದೆ.

ಹೆಜಮಾಡಿಯ ಅಕ್ಕನ ಮಗನಿಗೆ ಈಗಷ್ಟೇ ಫೋನು ಮಾಡಿ ಎಲ್ಲಾ ಹೇಳಿದೆ. ಅವನೂ ಪರೀಕ್ಷೆ ಮಾಡಿಸುತ್ತಾನೆ. ಕೊನೆಗೆ, "ಮಾವ, ಆ ಬೆಲ್ಟು..." ಎಂದ. ಈ ಸಲದ ತಂಬಿಲದಲ್ಲಿ ನಾನು ಮುಂದೆ ನಿಲ್ಲುವುದಿಲ್ಲ ಎಂದೂ ಅವನಿಗೆ ಹೇಳಿದ್ದೇನೆ. ನಿನಗೆ ನಿಲ್ಲಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಹೇಳಲಾಗಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಿಗ್ಗೆ ಕಿಸೆಯಲ್ಲಿಟ್ಟುಕೊಂಡು ನಾನೇ ಕಾರ್ಕಳಕ್ಕೆ ಬರುತ್ತೇನೆ. ನನ್ನನ್ನು ಕಂಡಾಗಲೆಲ್ಲ ನೀನು ಬಾಗಿಲಲ್ಲೇ ಕೇಳುತ್ತೀಯಲ್ಲ, "ಅಣ್ಣ, ಹರ್ನಿಯಾ ಹೇಗುಂಟು?" ಎಂದು. ನಾಳೆಯೂ ಕೇಳು. ಒಳಗೆ ಬರುವ ಮೊದಲೇ, ನಿಂತಲ್ಲಿಯೇ ಹೇಳುತ್ತೇನೆ. ಆಮೇಲೆ ಒಳಗೆ ಕರೆಯುವುದು, ಬಿಡುವುದು ನಿನಗೆ ಬಿಟ್ಟದ್ದು.