ಅಕ್ಕನ ಅಕ್ಷರ ಬರೆದ ದಪ್ಪ ಪೆನ್ನು

ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಮುಟ್ಟುವುದಿಲ್ಲ. ಎಷ್ಟು ಹತ್ತಿರ ತಂದರೂ ನಡುವೆ ಸಂದು ಉಳಿಯುತ್ತದೆ. ಆ ಕೈಯಲ್ಲಿ ಗಜ್ಜರಿ ಹಿಡಿಯಬಹುದು, ಸೂಜಿ ಹಿಡಿಯಲಾಗುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಆ ಬೆರಳುಗಳ ಎಲುಬು ಮುರಿದಾಗ ಕಟ್ಟು ಕಟ್ಟುವ ಮುದುಕನೊಬ್ಬ ಬಿದಿರಿನ ದಬ್ಬೆ ಇಟ್ಟು ಬಿಗಿದ. ಕೂಡುವಾಗ ಅವು ಸೊಟ್ಟಗೇ ಕೂಡಿಕೊಂಡವು. ಹೇಗೆ ಮುರಿಯಿತೆಂದು ಕೇಳಿದವರಿಗೆಲ್ಲ ಬಾವಿಯ ಕಲ್ಲಿನ ಪಾವಟಿಗೆ ಇಳಿಯುವಾಗ ಬಿದ್ದೆ ಎನ್ನುತ್ತಿದ್ದೆ. ಬಾವಿ ನಿಜ, ಪಾವಟಿಗೆ ನಿಜ. ಬಿದ್ದದ್ದು ಸುಳ್ಳು.

ನಾವು ತಿಕೋಟಾದವರು. ಅಪ್ಪ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದ. ಅವ್ವ ಊರವರ ಮನೆಗಳಲ್ಲಿ ಕೌದಿ ಹೊಲಿದು, ಕಾಳು ಹಸನು ಮಾಡಿಕೊಟ್ಟು ನಮ್ಮಿಬ್ಬರನ್ನು ಬೆಳೆಸಿದಳು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟಳು, ಆದರೆ ಅಷ್ಟು ಚೆಂದದ ಅಕ್ಷರ ನಮ್ಮ ಓಣಿಯಲ್ಲಿ ಯಾರದೂ ಇರಲಿಲ್ಲ. ನನಗೆ ಅಕ್ಷರ ಕಲಿಸಿದವಳೂ ಅವಳೇ. ನನ್ನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಟ್ಟು ಪಾಟಿಯ ಮೇಲೆ ತಿದ್ದಿಸುತ್ತಿದ್ದಳು. ಅವಳ ಒತ್ತಕ್ಷರಗಳು ಸಾಲಿನಿಂದ ತುಸು ಕೆಳಗೆ ಇಳಿದು, ಬಾಲ ಎಡಕ್ಕೆ ಹೊರಳಿಸಿಕೊಂಡು ನಿಲ್ಲುತ್ತಿದ್ದವು.

ನಮ್ಮ ಕಡೆಯ ರೂಢಿಯಂತೆ ಅವಳನ್ನು ಸೋದರಮಾವನಿಗೇ ಕೊಟ್ಟರು. ಅವ್ವನ ಕಿರಿಯ ತಮ್ಮ ಅವನು. ಬಬಲೇಶ್ವರದ ಹೊರಗೆ ಹೊಲ, ಹೊಲದಲ್ಲೊಂದು ಬಾವಿ. ಮಾವನಿಗೆ ಓದು ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಅಕ್ಕ ಅವನಿಗೂ ಪಾಟಿ ಹಿಡಿಸಿದಳು. ಅವನು ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಕಲಿತಿದ್ದ. ಮದುವೆಯಾಗಿ ಒಂದೂವರೆ ವರ್ಷ ತುಂಬುವ ಹೊತ್ತಿಗೆ, ನಾನು ರಜೆಗೆಂದು ಅಲ್ಲಿಗೆ ಹೋಗಿದ್ದಾಗ, ಹಾಡಹಗಲಿನಲ್ಲಿ ಅಕ್ಕ ಆ ಬಾವಿಯಲ್ಲಿ ಮುಳುಗಿ ಸತ್ತಳು. ಅವಳ ಜೊತೆ ನಾನೊಬ್ಬಳೇ ಇದ್ದೆ.

ಮುಂದೆ ನಾನು ಓದಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು, ಮಸಿಯಲ್ಲಿ ಅದ್ದಿ ಬರೆಯುವ ಟಾಕಿಗೆ ಅರಿವೆ ಸುತ್ತಿಕೊಂಡು ಬರೆದೆ. ಸುತ್ತದಿದ್ದರೆ ಅದು ಬೆರಳ ಸಂದಿಯಿಂದ ಜಾರಿ ಬೀಳುತ್ತಿತ್ತು. ಸುತ್ತಿದರೆ ಅರಿವೆ ಮಸಿ ಕುಡಿದು ಹಾಳೆಯ ತುಂಬ ಕಲೆ. ಅಕ್ಷರಗಳು ಯಾರದೂ ಅಲ್ಲದಂತೆ, ಮುಳ್ಳು ಮುರಿದು ಚೆಲ್ಲಿದಂತೆ ಬೀಳುತ್ತಿದ್ದವು. ಹೇಗೋ ಪಾಸಾದೆ. ಸಾವಿರದೊಂಬೈನೂರಾ ಅರವತ್ತರ ಆಸುಪಾಸಿನಲ್ಲಿ ನಮ್ಮೂರ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸಲು ಕೆಲವು ತಿಂಗಳ ಮಟ್ಟಿಗೆ ತಾತ್ಪೂರ್ತಿಕ ಬಾಯಾರು ಬೇಕಾದಾಗ ನನ್ನನ್ನು ಕರೆದರು. ಹೆಡ್ ಬಾಯಾರು ನನ್ನ ಮೊದಲ ವಾರದ ಹಾಜರಿ ಪುಸ್ತಕ ನೋಡಿ ಕನ್ನಡಕ ತೆಗೆದಿಟ್ಟರು.

"ಇನ್ಸ್ಪೆಕ್ಟರ್ ಸಾಹೇಬರು ಬಂದ್ರ ಇದನ್ನ ತೋರಸಾಕ ಆಗೂದಿಲ್ಲ ಬೇ. ಒಂದು ದಪ್ಪನ್ನ ಪೌಂಟನ್ ಪೆನ್ ತಗೋ. ನಿನ್ನ ಕೈಗೆ ಕುಂದರೂವಂಥಾದ್ದು."

ಅವ್ವ ಈ ಮಾತನ್ನು ತಮ್ಮನಿಗೆ ಹೇಳಿ ಕಳಿಸಿದಳು. ಮುಂದಿನ ಆದಿತ್ಯವಾರ ಮಾವ ಬಂದು ನನ್ನನ್ನು ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದುಕೊಂಡು ಹೋದ. ಅಕ್ಕ ಸತ್ತ ಮೇಲೆ ಆರು ವರ್ಷದಲ್ಲಿ ಅವನು ಇನ್ನೊಂದು ಮದುವೆಯಾಗಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ನನ್ನನ್ನೂ ಅವನಿಗೇ ಕೊಡಲು, ನಾನು ದೊಡ್ಡವಳಾಗುವುದನ್ನು ಅವ್ವ ಕಾಯುತ್ತಿದ್ದಳು. ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ಅವನ ರುಮಾಲಿನ ಹಿಂಭಾಗ ನೋಡುತ್ತ ಕುಳಿತಿದ್ದೆ. ಅವನು ಒಮ್ಮೆಯೂ ಹೊರಳಿ ನೋಡಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಮೂರು ಅಂಗಡಿ ತಿರುಗಿದೆವು. ಮೊದಲನೆಯದರಲ್ಲಿ ತೋರಿಸಿದವೆಲ್ಲ ಸಣಕಲು. ಎರಡನೆಯದರಲ್ಲಿ ಬಂಗಾರದ ಬಣ್ಣದ ಟೊಪ್ಪಿಗೆಯ ಪರದೇಶಿ ಪೆನ್ನೊಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ದಪ್ಪವೇನೋ ಇತ್ತು, ಆದರೆ ಅದರ ಕಿಮ್ಮತ್ತು ಕೇಳಿ ಮಾವ ನನ್ನ ಮುಖ ನೋಡಿದ. ನಾನೇ ಹೊರಗೆ ಬಂದುಬಿಟ್ಟೆ. ಮೂರನೆಯದು ಅಂಗಡಿಯೆನ್ನುವುದಕ್ಕಿಂತ ಗೋಡೆಯಲ್ಲಿನ ಒಂದು ಮಾಡ. ಅದರೊಳಗೆ ಬಿಳಿ ಟೊಪ್ಪಿಗೆಯ ಮುದುಕನೊಬ್ಬ ಸಣ್ಣ ದೀಪದ ಉರಿಗೆ ಪೆನ್ನಿನ ಕುತ್ತಿಗೆ ಹಿಡಿದು ಕಾಯಿಸುತ್ತ ಕುಳಿತಿದ್ದ. ನನ್ನ ಕೈ ನೋಡಿದ. ಏನಾಯಿತೆಂದು ಕೇಳಲಿಲ್ಲ. ಹಳೆಯ ಕಾಗದವೊಂದನ್ನು ಬೀಡಿಯಂತೆ ಸುರುಳಿ ಸುತ್ತಿ ನನ್ನ ಬೆರಳ ಸಂದಿಯಲ್ಲಿ ಇಟ್ಟ. ಅದು ಬಿತ್ತು. ಇನ್ನಷ್ಟು ಕಾಗದ ಸೇರಿಸಿ ಸುತ್ತಿದ, ಮತ್ತೆ ಬಿತ್ತು. ನಾಲ್ಕನೆಯ ಸಲ ಸುರುಳಿ ನಿಂತಿತು. ಕೈ ಅಲುಗಾಡಿಸಿದರೂ ಬೀಳಲಿಲ್ಲ.

"ಇಷ್ಟು ದಪ್ಪ ಬೇಕು ನಿನಗ," ಎಂದು ಆ ಸುರುಳಿಗೆ ದಾರ ಕಟ್ಟಿ ಇಟ್ಟುಕೊಂಡ. ಎರಡು ಡಬ್ಬಿಗಳಲ್ಲಿದ್ದ ಪೆನ್ನುಗಳನ್ನು ಒಂದೊಂದಾಗಿ ಅದರ ಪಕ್ಕಕ್ಕೆ ಹಿಡಿದು ನೋಡಿದ. ಯಾವುದೂ ಸಮ ಬರಲಿಲ್ಲ. ಕೊನೆಗೆ ಹಿಂದಿನ ಹಲಗೆಯ ಮೇಲಿಂದ ಅರಿವೆಯಲ್ಲಿ ಸುತ್ತಿದ್ದೊಂದನ್ನು ಇಳಿಸಿದ. ಕರಿ ರಬ್ಬರಿನ ಪೆನ್ನು. ನನ್ನ ಹೆಬ್ಬೆರಳಿಗಿಂತ ದಪ್ಪ, ಗೇಣುದ್ದಕ್ಕೆ ತುಸುವೇ ಕಡಿಮೆ. ಹೊಳಪಿಲ್ಲ, ಕ್ಲಿಪ್ಪಿಲ್ಲ.

"ಸೊಲ್ಲಾಪುರ ರಸ್ತೇದಾಗ ಲೇತ್ ಮಶೀನಿನ ಮ್ಯಾಲೆ ತಿರುವಿ ಮಾಡಸಿದ್ದು," ಎಂದ ಮುದುಕ. "ಒಬ್ಬ ವಕೀಲರು ಮಾಡಸಾಕ ಹೇಳಿದ್ರು. ಅವರ ಕೈ ನಡಗತಿತ್ತು. ಸಣ್ಣದು ಹಿಡಿಯಾಕ ಆಗತಿದ್ದಿಲ್ಲ."

"ಅವರು ಬ್ಯಾಡ ಅಂದ್ರೇನ್ರಿ?" ಎಂದು ಮಾವ ಕೇಳಿದ.

"ಒಯ್ಯಾಕ ಬರಲಿಲ್ಲ. ತೀರಿಕೊಂಡ್ರು."

ಮಾವ ಪೆನ್ನನ್ನು ಮುದುಕನ ಕಡೆ ಸರಿಸಿದ. "ಸತ್ತವರದು ಬ್ಯಾಡ್ರಿ."

"ಅವರು ಇದರಾಗ ಒಂದು ಅಕ್ಷರಾನೂ ಬರದಿಲ್ಲ. ಮಸೀನ ಕಂಡಿಲ್ಲ ಇದು. ಯಾರೂ ಒಯ್ಯೂದಿಲ್ಲ ಅಂತ ಸುಮ್ಮನ ಇಟ್ಟೇನಿ. ಐದು ರೂಪಾಯಿ ಕೊಡ್ರಿ, ಸಾಕು."

ಮಾವ ತಂಬಾಕು ತಿಕ್ಕುತ್ತ ರಸ್ತೆಗೆ ಇಳಿದು ನಿಂತ. ಮುದುಕ ಪೆನ್ನಿನ ಹೊಟ್ಟೆಗೆ ಡ್ರಾಪರಿನಿಂದ ಮಸಿ ತುಂಬಿದ. ಅದು ಕುಡಿಯುತ್ತಲೇ ಇತ್ತು. ಅರ್ಧ ದೌತಿ ಖಾಲಿಯಾಯಿತು. ನಿಬ್ಬನ್ನು ಉಗುರಿನ ಮೇಲೆ ಒತ್ತಿ ನೋಡಿ, ಕಾಗದ ಮುಂದಿಟ್ಟು, ನಿನ್ನ ಊರಿನ ಹೆಸರು ಬರೆ ಅಂದ.

ಪೆನ್ನು ಬೆರಳ ಸಂದಿಯಲ್ಲಿ ಕುಳಿತಿತು. ಆರು ವರ್ಷದಲ್ಲಿ ಮೊದಲ ಸಲ ಕೈಯಲ್ಲಿ ಹಿಡಿದದ್ದನ್ನು ಬಿಗಿಹಿಡಿಯಬೇಕಾಗಲಿಲ್ಲ. ತಿಕೋಟಾ ಎಂದು ಬರೆದೆ. ಆಮೇಲೆ ಯಾಕೋ ಅಕ್ಕ ಎಂದು ಬರೆದೆ. ಬರೆದು ಮುಗಿಸಿ ನೋಡಿದರೆ ಒತ್ತಕ್ಷರ ಸಾಲಿನಿಂದ ಕೆಳಗಿಳಿದು ಬಾಲ ಎಡಕ್ಕೆ ಹೊರಳಿಸಿಕೊಂಡು ನಿಂತಿತ್ತು. ಯಾರೋ ಹಿಂದೆ ಬಾಗಿ ನನ್ನ ಮುಷ್ಟಿಯ ಮೇಲೆ ಮುಷ್ಟಿ ಇಟ್ಟಂತೆ ಅನಿಸಿ ಹೊರಳಿ ನೋಡಿದೆ. ಮಾವ ಬೆನ್ನು ಮಾಡಿ ರಸ್ತೆಯಲ್ಲೇ ನಿಂತಿದ್ದ. ಕಾಗದವನ್ನು ಮಡಚಿ ಉಡಿಯಲ್ಲಿ ಇಟ್ಟುಕೊಂಡೆ.

"ಇದ ಇರಲಿ," ಎಂದೆ.

ಮಾವ ದುಡ್ಡು ಕೊಟ್ಟ.

ಹಾಜರಿ ಪುಸ್ತಕ ಕಲೆಯಿಲ್ಲದೆ ತುಂಬತೊಡಗಿತು. ಹೆಡ್ ಬಾಯಾರು ಹೊಗಳಿದರು. ನನಗೆ ಮಾತ್ರ ಪುಟ ತೆರೆಯಲು ಅಂಜಿಕೆ. ಹುಡುಗಿಯರ ಹೆಸರುಗಳು ಸಾಲಾಗಿ ಅಕ್ಕನ ಕೈಯಲ್ಲಿ ಬರೆದು ನಿಂತಿರುತ್ತಿದ್ದವು. ಅವುಗಳನ್ನು ಓದಿ ಕರೆಯುವಾಗ, ಅವಳು ಬರೆದಿಟ್ಟು ಹೋದ ಯಾದಿಯನ್ನು ನಾನು ಕೂಗುತ್ತಿದ್ದೇನೆ ಅನಿಸುತ್ತಿತ್ತು. ಬೇಕೆಂದೇ ಬೇರೆ ರೀತಿಯಲ್ಲಿ ಬರೆಯಲು ನೋಡಿದೆ. ಎರಡು ಸಾಲು ಆಗುವಷ್ಟರಲ್ಲಿ ಕೈ ತನ್ನ ಹಾದಿಗೆ ಹೊರಳುತ್ತಿತ್ತು.

ಆ ತಿಂಗಳ ಕೊನೆಗೆ ಅವ್ವ, "ಈ ಸಲ ಯುಗಾದಿಗೆ ತಮ್ಮನ ಕಡೆ ಮಾತು ತಗೀತೇನಿ. ಆತಗ ಮನಿ ಬೆಳಗೋರು ಬೇಕು, ನಿನಗ ಆಸರ ಬೇಕು," ಎಂದಳು. ಮರುದಿನ ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಕುಳಿತು ಮಾವನಿಗೆ ಪತ್ರ ಬರೆದೆ. ಬಾಯಿಂದ ಹೇಳಲಾಗದ್ದನ್ನು ಬರೆದೆ.

ಆ ದಿನ ನೀರು ತರಲು ಇಳಿದ ಅಕ್ಕನ ಕಾಲು ಪಾಚಿಯ ಮೇಲೆ ಜಾರಿತು. ಮೇಲಿನ ಪಾವಟಿಗೆಯಲ್ಲಿದ್ದ ನಾನು ಬೋರಲು ಮಲಗಿ ಅವಳ ಕೈ ಹಿಡಿದೆ. ಅವಳು ನನ್ನ ಎರಡು ಬೆರಳುಗಳನ್ನು ಹಿಡಿದಳು. ಅವಳ ಭಾರಕ್ಕೆ ಅವು ಕಲ್ಲಿನ ಅಂಚಿನ ಮೇಲೆ ಹಿಂದಕ್ಕೆ ಬಾಗಿ ಮುರಿದವು. ಮುರಿದ ಸಪ್ಪಳ ನಾನು ಕೇಳಿದೆ. ನೋವು ತಾಳಲಾರದೆ ಕೈ ಕೊಡವಿದೆ. ಅವಳ ಕೈ ಜಾರಲಿಲ್ಲ ಮಾಮಾ, ನಾನು ಕೊಡವಿದೆ. ಇಷ್ಟನ್ನೇ ಬರೆದು ಲಕೋಟೆಗೆ ಹಾಕಿ ಅಂಚೆಯ ಡಬ್ಬಿಯಲ್ಲಿ ಬಿಟ್ಟೆ.

ಐದನೆಯ ದಿನ ಮಾವ ಬಂದ. ಅವ್ವ ಕೌದಿ ಹೊಲಿಯಲು ಹೋಗಿದ್ದಳು. ಅವನು ಪಡಸಾಲೆಯಲ್ಲಿ ಕುಳಿತು ರುಮಾಲು ತೆಗೆದ, ಲಕೋಟೆಯನ್ನು ನೆಲದ ಮೇಲಿಟ್ಟ.

"ಇದನ್ನ ಯಾರು ಬರದಾರ?"

"ನಾನ ಬರದೇನಿ, ಮಾಮಾ."

"ಅಕ್ಷರ ಆಕಿವು ಅದಾವ."

ಅವನು ಲಕೋಟೆಯ ಮೇಲಿನ ಹೆಸರಿನ ಮೇಲೆ ಬೆರಳಿಟ್ಟ.

"ಅಂಚೀಯಾವ ಹೊಲಕ್ಕ ಬಂದು ಕೊಟ್ಟಾ. ನನ್ನ ಹೆಸರು ನೋಡೂದಕಿಂತ ಮೊದಲ ಅಕ್ಷರ ನೋಡಿದೆ. ಎತ್ತು ಬಿಟ್ಟು ಅಲ್ಲೇ ಬದುವಿನ ಮ್ಯಾಲೆ ಕುಂತೆ. ಆಕಿ ಅಕ್ಷರ ಬಿಟ್ರ ನನಗ ಬ್ಯಾರೆ ಅಕ್ಷರ ಎಲ್ಲಿ ಗೊತ್ತು? ಆಕೀನ ಬರದಾಳ ಅಂತ ತಿಳದೆ." ಅವನು ಲಕೋಟೆಯಿಂದ ಹಾಳೆ ತೆಗೆದು ನನ್ನ ಮುಂದೆ ಚಾಚಿದ. "ಎರಡು ಸಾಲು ಕೂಡಿಸಿದೆ. ಬಾವಿ ಅಂತ ಬಂತು. ಮುಂದ ಓದಾಕ ಧೈರ್ಯ ಆಗಲಿಲ್ಲ. ಬ್ಯಾರೆಯವರ ಕಡೆ ಓದಸಾಕೂ ಮನಸಾಗಲಿಲ್ಲ. ನೀನ ಓದು."

ಬಾಯಿಂದ ಹೇಳಲಾರದೆ ಬರೆದದ್ದನ್ನು ಅವನೆದುರು ಕುಳಿತು ಬಾಯಿಂದಲೇ ಓದಿದೆ. ಕೊಡವಿದೆ ಎಂಬ ಮಾತು ಬಂದಾಗ ನನ್ನ ದನಿ ನಿಂತಿತು. ಅವನು ಕಾದ. ಮತ್ತೆ ಓದಿದೆ. ಮುಗಿದ ಮೇಲೆ ಬಹಳ ಹೊತ್ತು ಅವನು ನನ್ನ ಕೈ ನೋಡುತ್ತಿದ್ದ, ಮುಖವನ್ನಲ್ಲ.

"ಆಗ ಆಕಿ ನಿನ್ನ ನೋಡಾಕತ್ತಿದ್ದಳೇನು?"

"ಹೂಂ."

ಅವನು ಎದ್ದು ರುಮಾಲು ಸುತ್ತಿಕೊಂಡ. ಬಾಗಿಲ ಹತ್ತಿರ ನಿಂತು ಹೇಳಿದ: "ನೀ ಹನ್ನೊಂದು ವರ್ಷದ ಹುಡಿಗಿ ಇದ್ದಿ. ನಾನರ ಏನ್ ಮಾಡತಿದ್ದೆ, ನನಗ ಗೊತ್ತಿಲ್ಲ. ನಿಮ್ಮವ್ವಗ ಮದವಿ ಮಾತು ಬ್ಯಾಡ ಅಂತ ನಾನ ಹೇಳತೇನಿ. ನೀ ಕೈ ಬಿಟ್ಟಿದ್ದಕ್ಕಲ್ಲ. ಆಕಿ ಅಕ್ಷರ ನಿನ್ನ ಕೈಯಾಗ ಅದಾವ. ದಿನಾ ಅವನ್ನ ನೋಡಕೋತ ನನಗ ಬಾಳೇವು ಮಾಡಾಕ ಆಗೂದಿಲ್ಲ."

ಅದು ಪೂರ್ತಿ ನಿಜವೋ, ನನ್ನ ಮರ್ಯಾದೆ ಉಳಿಸಲು ಹೇಳಿದ್ದೋ, ಇವತ್ತಿಗೂ ತಿಳಿಯದು. ಪತ್ರವನ್ನು ಅವನು ಒಯ್ಯಲಿಲ್ಲ. ಅದನ್ನು ಒಲೆಗೆ ಹಾಕಿದೆ.

ಹುಡುಗಿ ನೌಕರಿ ಮಾಡಲಿ, ನನಗೆ ಬೇಡ ಎಂದು ಮಾವ ಅವ್ವನಿಗೆ ಹೇಳಿದ. ಮರುವರ್ಷ ಬಿಜ್ಜರಗಿಯ ಹೆಣ್ಣು ತಂದ. ಅವ್ವ ಮದುವೆಗೆ ಹೋಗಿ ಅಕ್ಕಿಕಾಳು ಹಾಕಿ ಬಂದಳು, ಆದರೆ ಅವನ ಆ ಬೇಡ ಎಂಬ ಮಾತು ಅವಳಿಗೆ ಮುಳ್ಳಾಗಿ ಉಳಿಯಿತು. ನನ್ನ ಸೊಟ್ಟ ಕೈಯನ್ನು ಕಂಡೇ ತಮ್ಮ ಒಲ್ಲೆ ಅಂದ ಎಂದು ಅವಳು ತಿಳಿದಿದ್ದಳು. ಅಪಘಾತವಾದ ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಬೆರಳುಗಳಿಗೆ ಔಡಲೆಣ್ಣೆ ಹಚ್ಚಿ ತಿಕ್ಕುವುದು ಅವಳ ರೂಢಿ. ಈಗ ಇನ್ನೂ ಜೋರಾಗಿ ತಿಕ್ಕತೊಡಗಿದಳು, ತಿಕ್ಕಿಯೇ ನೆಟ್ಟಗೆ ಮಾಡುವವಳಂತೆ.

ಹಾಗೆ ತಿಕ್ಕುತ್ತಿದ್ದ ಒಂದು ಬೆಳಿಗ್ಗೆ, ನಾನು ಸಾಲಿಯಲ್ಲಿ ಕಾಯಂ ಆಗಿ ವರ್ಷವೆರಡು ಕಳೆದಿರಬೇಕು, ಅವ್ವ ಕೇಳಿದಳು: "ನಿಮ್ಮಕ್ಕ ಕಡೀಕ ಏನರ ಅಂದಳೇನು ಬೇ? ಇಷ್ಟು ವರ್ಷ ನಾ ಕೇಳಿಲ್ಲ."

"ಗಟ್ಟಿ ಹಿಡಿ ಅಂದಳು, ಯವ್ವಾ."

"ನೀ ಹಿಡದಿದ್ದೇನು?"

"ಹಿಡದಿದ್ದೆ. ಆಮ್ಯಾಲೆ ನಾನ ಬಿಟ್ಟೆ."

ಅವ್ವನ ಹೆಬ್ಬೆರಳು ನನ್ನ ಬೆರಳ ಗಂಟಿನ ಮೇಲೆ ನಿಂತಿತು. ಅವಳು ನನ್ನ ಕೈ ಕೆಳಗಿಟ್ಟು ಒಳಗೆ ಹೋದಳು, ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಮರುದಿನ ನಾನು ಏಳುವಾಗ ಎಣ್ಣೆಯ ಬಟ್ಟಲು ನನ್ನ ಹಾಸಿಗೆಯ ಪಕ್ಕದಲ್ಲಿತ್ತು, ಅವ್ವ ಇರಲಿಲ್ಲ. ನಾನೇ ಹಚ್ಚಿಕೊಂಡೆ. ಮಾತು, ಊಟ, ಬಟ್ಟೆ ಎಲ್ಲ ಮೊದಲಿನಂತೆಯೇ ನಡೆದವು. ಬೆರಳು ಮುಟ್ಟುವುದೊಂದು ನಿಂತಿತು.

ಮಳೆಗಾಲ ಮುಗಿದು ಥಂಡಿ ಬಿದ್ದ ಮೇಲೆ ಬೆರಳ ಗಂಟುಗಳು ಹಿಡಿದುಕೊಂಡು, ಒಂದು ದಿನ ಹಾಜರಿ ಬರೆಯಲೂ ಆಗದೆ ಮನೆಗೆ ಬಂದೆ. ಅವ್ವ ಒಲೆಯ ಮುಂದಿನಿಂದ ನೋಡಿದಳು. ಎಣ್ಣೆ ಬಿಸಿ ಮಾಡಿ ತಂದು ಎದುರು ಕುಳಿತು, ನನ್ನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತಿಕ್ಕುವಷ್ಟೂ ಹೊತ್ತು ಅವಳ ಕಣ್ಣು ಅಂಗಳದ ಕಡೆಗೇ ಇತ್ತು.