‘ಹೊರಗಿದ್ದೀನಿ’ ಎಂದ ಹಾಡು

ಹುಳಿಯಾರಿನಲ್ಲಿ ಹಿಪ್-ಹಾಪ್ ಸತ್ತುಹೋಯಿತು ಎಂದು ಮೊದಲು ಸಾರಿದವನು ಮೈಕ್‌ಸೆಟ್ ಅಂಗಡಿಯ ಚಿತ್ತೇಶ. ಅದು ಹುಳಿಯಾರಿನಲ್ಲಿ ಹುಟ್ಟಿದ್ದಾದರೂ ಯಾವಾಗ ಎಂದು ಕೇಳಿದರೆ ಅದಕ್ಕೂ ಅವನಲ್ಲಿ ಉತ್ತರವಿತ್ತು: ಅವನು ಹಾಡಲು ಶುರುಮಾಡಿದಾಗ. ಹಾಗಾದರೆ ಸತ್ತದ್ದು ಅವನು ನಿಲ್ಲಿಸಿದ ಮೇಲೆಯೇ ಆಗಿರಬೇಕಲ್ಲ!

ನಗುವ ಮಾತಲ್ಲ, ಒಂದು ಕಾಲಕ್ಕೆ ಅವನಿಗೆ ಹೆಸರಿತ್ತು. ಕೆಂಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಕಾಯುವ ದಾಸಣ್ಣನ ಮಗನಾಗಿ ಹುಟ್ಟಿದವನು. ಚಿಕ್ಕನಾಯಕನಹಳ್ಳಿಗೆ ಕಾಲೇಜಿಗೆ ಹೋದಾಗ ಯಾರದೋ ಮೊಬೈಲಿನ ಮೆಮೊರಿ ಕಾರ್ಡಿನಿಂದ ರ‍್ಯಾಪ್ ಎಂಬ ಹುಚ್ಚು ಅಂಟಿತು. ‘ಹಟ್ಟಿ ಚಿತ್ತು’ ಎಂದು ತಾನೇ ಹೆಸರಿಟ್ಟುಕೊಂಡ. ಮಂಡಿಯಲ್ಲಿ ಕೊಬ್ಬರಿ ತೂಕ ಹೊಡೆಯುವವರ ಮೇಲೆ ಹಾಡಿದ. ಕುರಿಯವರನ್ನು ಕಂಡರೆ ಸುಮ್ಮನೆ ಗದರುವ ಪೊಲೀಸಪ್ಪನ ಮೇಲೆ ಹಾಡಿದ. ಜಾತಿ ಕೇಳಿ ಬಾಡಿಗೆಗೆ ಮನೆ ಇಲ್ಲ ಎಂದವರನ್ನಂತೂ ಜನ್ಮ ಜಾಲಾಡಿದ. ತಿಪಟೂರು, ತುರುವೇಕೆರೆಯ ಕಾಲೇಜು ಹುಡುಗರು ಅವನ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಆಮೇಲೆ ಯಮುನಾ ಜೊತೆ ಮದುವೆಯಾಯಿತು, ಅಂಗಡಿಯಾಯಿತು. ಊರಿನವರ ಮದುವೆಗಳಿಗೆ ಬಾಕ್ಸು ಹೊತ್ತು, ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಎನ್ನುವುದಷ್ಟೇ ಆ ಗಂಟಲಿಗೆ ಉಳಿದ ಕೆಲಸವಾಯಿತು.

ಹಾಡು ನಿಂತರೂ ವಾದ ನಿಲ್ಲಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅವನೂ ಅವನ ಗೆಳೆಯ ಮಹಾಂತೇಶನೂ ಅಂಗಡಿಯಲ್ಲಿ ಫೋನು ನಿಲ್ಲಿಸಿಕೊಂಡು ಲೈವ್ ಮಾಡುತ್ತಿದ್ದರು. ಮಹಾಂತೇಶ ಕೊಬ್ಬರಿ ವ್ಯಾಪಾರದವರ ಮಗ. ಮಂಡಿಯ ಮೇಲೆ ಹಾಡಿದ್ದು ತನ್ನಪ್ಪನ ಮೇಲೆಯೇ ಎಂದು ಗೊತ್ತಿದ್ದೂ ಚಿತ್ತೇಶನ ಗೆಳೆತನ ಬಿಡದ ಉದಾರಿ. ಇಬ್ಬರ ವಾದ ಒಂದೇ: ಹಿಪ್-ಹಾಪ್ ಹಾಳಾಗಿದೆಯೋ ಇಲ್ಲವೋ. ನೋಡುವವರು ಅತ್ತ ಅರ್ಧ, ಇತ್ತ ಅರ್ಧ. ಕೊಬ್ಬರಿ ರೇಟಿನ ಹಾಗೆ ಒಂದು ವಾರ ಇವನು ಏರಿದರೆ, ಮುಂದಿನ ವಾರ ಅವನು.

“ಹಿಪ್-ಹಾಪ್ ಅಂದ್ರೆ ಸತ್ಯ ಕಣ್ಲಾ,” ಎನ್ನುತ್ತಿದ್ದ ಚಿತ್ತೇಶ. “ನಿನ್ ಊರು, ನಿನ್ ಬೀದಿ, ನಿನ್ ಮನೆ. ಅದುನ್ನ ಹೇಳು, ಇಲ್ಲಾ ಬಾಯ್ ಮುಚ್ಕಂಡಿರು. ಈಗಿನ ಹುಡುಗ್ರಿಗೆ ಸೈಕಲ್ಲಿಲ್ಲ, ಹಾಡಲ್ಲಿ ಫಾರಿನ್ ಕಾರು. ಗಂಟ್ಲಿಲ್ಲ, ಅದುಕ್ಕೆ ಮಿಷಿನ್ ವಾಯ್ಸು.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ,” ಎನ್ನುತ್ತಿದ್ದ ಮಹಾಂತೇಶ. “ವಯಸ್ಸಾಗಿರೋದು ನಿನ್ ಕಿವಿಗೆ ಕಣ್ಲಾ, ಹಾಡಿಗಲ್ಲ.”

ಅಂಥದೊಂದು ಭಾನುವಾರ ಮಹಾಂತೇಶ ಒಂದು ಹೊಸ ಹಾಡು ತಂದ. ಹೆಸರು ಹೇಳದ ಯಾರೋ ಇಂಟರ್‌ನೆಟ್ಟಿಗೆ ಹಾಕಿ, ಅವರ ಪೇಜಿಗೆ ಲಿಂಕು ಕಳಿಸಿದ್ದರು. ಧ್ವನಿಯನ್ನು ಯಾವುದೋ ಆ್ಯಪಿನಲ್ಲಿ ಹಾಕಿ ದಪ್ಪ ಮಾಡಿದ್ದರಿಂದ ಹಾಡಿದವನು ಮೀಸೆ ಚಿಗುರುವ ಹುಡುಗನಂತೆ ಕೇಳುತ್ತಿತ್ತು. “ಬೀಟ್ ನೋಡ್ಲಾ, ಹೆಂಗೈತೆ!” ಎಂದು ಮಹಾಂತೇಶ ಒತ್ತಿದ. “ಹೊರಗಿದ್ದೀನಿ, ನಾನ್ ಹೊರಗಿದ್ದೀನಿ, ಒಳಗಿರೋರು ಕೇಳ್ಕಳ್ರಪ್ಪೋ, ನಾನ್ ಹೊರಗಿದ್ದೀನಿ” ಎಂದು ಹಾಡು ಶುರುವಾಯಿತು.

ಅಷ್ಟಕ್ಕೇ ಚಿತ್ತೇಶ ಕೈ ಚಾಚಿ ನಿಲ್ಲಿಸಿಬಿಟ್ಟ.

“ಲೇ, ಪೂರ್ತಿ ಕೇಳ್ಲಾ.”

“ಅನ್ನ ಬೆಂದೈತಾ ನೋಡಕ್ಕೆ ಒಂದಗುಳು ಸಾಕು ಬುಡು,” ಎಂದು ಚಿತ್ತೇಶ ಫೋನಿನ ಕಡೆ ತಿರುಗಿದ. “ಕೇಳಿದ್ರಾ ಎಲ್ರೂ? ಇದುನ್ನೇ ನಾನು ಹೇಳ್ತಿರೋದು. ಅಮೆರಿಕದೋರು ಗ್ಯಾಂಗ್ ಕಟ್ಕಂಡು ರೋಡಿಗಿಳುದು ‘ಔಟ್‌ಸೈಡ್ ಔಟ್‌ಸೈಡ್’ ಅಂತಾರೆ. ಇವುನು ಅದುನ್ನೇ ಕನ್ನಡುಕ್ಕೆ ತಿರುಗ್ಸಿ ನಾನ್ ಹೊರಗಿದ್ದೀನಿ ಅಂತವ್ನೆ. ಎಲ್ಲಪ್ಪಾ ಹೊರಗಿದ್ದೀಯಾ? ಎಂ.ಜಿ. ರೋಡಲ್ಲಾ? ಸಾಕು, ಒಳೀಕ್ ಬಾರಪ್ಪ, ಶೀತ ಆದಾತು!”

ಮಹಾಂತೇಶನಿಗೂ ನಗು ತಡೆಯಲಾಗಲಿಲ್ಲ. ನೋಡುತ್ತಿದ್ದವರು ನಗುವ ಮುಖಗಳನ್ನು ರಾಶಿ ಸುರಿದರು. ಅಷ್ಟು ತುಣುಕನ್ನು ಯಾರೋ ಕತ್ತರಿಸಿ ಹಂಚಿದರು. ಒಂದೆರಡು ದಿನದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಕಂಡಕಂಡವರಿಗೆ “ಎಲ್ಲಪ್ಪಾ ಹೊರಗಿದ್ದೀಯಾ?” ಎಂದು ಕೂಗತೊಡಗಿದರು. ಎಷ್ಟೋ ವರ್ಷದ ಮೇಲೆ ತನ್ನದೊಂದು ಸಾಲು ಊರಿನ ಬಾಯಲ್ಲಿ ಓಡಾಡುವುದನ್ನು ಕೇಳಿ ಚಿತ್ತೇಶನಿಗೆ ಎದೆ ಉಬ್ಬಿತು.

ಆ ಉಬ್ಬಿದ ಎದೆಯಲ್ಲೇ ಮಧ್ಯಾಹ್ನದ ಊಟಕ್ಕೆ ಕೂತ. ಯಮುನಾ ಮುದ್ದೆ ಹಾಕಿ ಸಾರು ಬಿಟ್ಟಳು. ಅವನು ಆ ತುಣುಕನ್ನು ಮತ್ತೊಮ್ಮೆ ಹಾಕಿ ತೋರಿಸಿದ. ಅವಳು ನಗಲಿಲ್ಲ.

“ಆ ಹಾಡ್ನ ಪೂರ್ತಿ ಕೇಳುದ್ರಾ?” ಎಂದಳು.

“ಕೇಳೋದೇನೈತೆ ಅದ್ರಾಗೆ?”

“ಹೊರಗಿದ್ದೀನಿ ಅಂದ್ರೆ ಏನು ಅಂತ ನಿಮ್ಗೆ ನಾನು ಹೇಳ್ಕೊಡ್ಬೇಕೇನ್ರೀ?”

ಅವಳು ತನ್ನ ಫೋನು ತೆಗೆದು ಹಾಡನ್ನು ಹಾಕಿ ಅವನ ತಟ್ಟೆಯ ಪಕ್ಕ ಇಟ್ಟಳು. ‘ಹೊರಗಿದ್ದೀನಿ’ ಮುಗಿದು, ಅವನು ನಿಲ್ಲಿಸಿದ್ದ ಜಾಗ ದಾಟಿ, ಹಾಡು ಮುಂದಕ್ಕೆ ಹೋಯಿತು.

“ಚೊಂಬು ಬೇರೆ, ಚಾಪೆ ಬೇರೆ, ಗುಡಿಸ್ಲು ಊರಾಚೆ,
ನಾಳೆ ಪರೀಕ್ಷೆ, ಪುಸ್ತಕ ಒಳಗೆ, ಯಾರ್ ತರ್ತಾರೆ ಈಚೆ?”

ಚಿತ್ತೇಶನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮುಟ್ಟಾದ ಹೆಂಗಸರು ಹಟ್ಟಿಯೊಳಗೆ ಇರುವಂತಿಲ್ಲ, ಹಿಂದಿನ ಗುಡಿಸಲಿನಲ್ಲಿ ಇರಬೇಕು ಎನ್ನುವುದು ಅವನ ಹಟ್ಟಿಯ ಕಟ್ಟಳೆ. ಅವನು ಅಕ್ಷರ ಕಲಿಯುವ ಮೊದಲೇ ಆ ಮಾತು ಕಲಿತಿದ್ದ. ಅವ್ವ ಜುಂಜಮ್ಮ ಎಲ್ಲಿ ಎಂದು ಯಾರಾದರೂ ಕೇಳಿದರೆ “ಹೊರಗವ್ಳೆ” ಎಂದು ಅವನೇ ಹೇಳಿದ್ದ. ಅನ್ನದ ತಟ್ಟೆಯನ್ನು ದೂರದಲ್ಲಿಟ್ಟು, ಹಿಂದಿರುಗಿ ನೋಡದೆ ಓಡಿಬಂದಿದ್ದ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತನ್ನು ಅವನು ಅಮೆರಿಕದಿಂದ ಬಂದದ್ದೆಂದು ತಿಳಿದು ಊರಿಗೆಲ್ಲ ನಗೆಪಾಟಲು ಮಾಡಿದ್ದ.

ಹಾಡು ಇನ್ನೂ ಮುಗಿದಿರಲಿಲ್ಲ.

“ಮಂಡಿ ಮಾತು ಹಾಡ್ದೆ ಮಾಮ, ಸ್ಟೇಷನ್ ಮಾತು ಹಾಡ್ದೆ,
ಹಟ್ಟಿ ಹಿಂದಿನ್ ಗುಡಿಸ್ಲು ಕಂಡು ಯಾಕೆ ಬಿಟ್ಟು ಓಡ್ದೆ?”

“ಕೋಮಲಾ,” ಎಂದಳು ಯಮುನಾ, ಅವನು ಕೇಳುವ ಮೊದಲೇ. “ನಂಗೆ ಮೊದ್ಲೇ ಕಳ್ಸಿದ್ಲು. ಹಟ್ಟಿಯೋರಿಗೆ ಗುರುತು ಸಿಕ್ಬಾರ್ದು ಅಂತ ಗಂಟ್ಲು ದಪ್ಪ ಮಾಡ್ಕಂಡವ್ಳೆ. ಮಾಮ ಒಬ್ಬಂಗೆ ತಿಳೀತದೆ, ನೋಡ್ತಿರು ಅತ್ತೆ, ಅಂದಿದ್ಲು.”

ಕೋಮಲಾ ಅವನ ಅಕ್ಕ ಮಂಗಳಾಳ ಮಗಳು. ಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಹುಳಿಯಾರಿಗೆ ಬಂದು ಡಿಗ್ರಿ ಓದುತ್ತಿದ್ದಳು. ಮೂಗು ಸೋರುವ ವಯಸ್ಸಿನಲ್ಲೇ ಮಾಮನ ಹಾಡುಗಳನ್ನೆಲ್ಲ ಒಪ್ಪಿಸುತ್ತಿದ್ದ ಹುಡುಗಿ. ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಪ್ರಾಸ ಎಲ್ಲಿ ಕೂರಿಸಬೇಕು ಎಂದು ಕಲಿಸಿದವನೂ ಅವನೇ. ಆ ಹುಡುಗಿ ಕೇಳಿದ ಪ್ರಶ್ನೆಗೆ ಊರು ಕೇಳುವಂತೆ ಅವನು ಕೊಟ್ಟ ಉತ್ತರ ‘ಎಂ.ಜಿ. ರೋಡಲ್ಲಾ?’ ನಾಚಿಕೆಯಿಂದ ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಮರುದಿನ ಬೆಳಿಗ್ಗೆ ನೋಡಿದರೆ ಹಾಡು ಇರಲಿಲ್ಲ. ಕೋಮಲಾ ಅಳಿಸಿಹಾಕಿದ್ದಳು. ಅವನು ಬೈಕ್ ಹತ್ತಿ ಹಟ್ಟಿಗೆ ಹೋದ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಂಗಳಾ ತಲೆ ಎತ್ತಿದಳು.

“ಕೋಮಲಾ ಎಲ್ಲಕ್ಕಾ?”

“ಹೊರಗವ್ಳೆ ಕಣಪ್ಪ,” ಎಂದಳು ಮಂಗಳಾ, ದಿನವೂ ಹೇಳುವ ಮಾತಿನಂತೆ.

ಈ ಸಲ ಆ ಮಾತು ಅವನಿಗೆ ಸರಿಯಾಗಿ ಕೇಳಿಸಿತು. ಹಟ್ಟಿಯ ಹಿಂದಕ್ಕೆ ನಡೆದ. ಹೊಂಗೆ ಮರದ ಬಳಿ ಕಾಲು ನಿಂತಿತು. ಗಂಡಸರು ಅಲ್ಲಿಂದಾಚೆಗೆ ಹೋಗುವುದಿಲ್ಲ. ಯಾರೂ ಅಡ್ಡ ಬಂದಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಇನ್ನೊಂದು ಹೆಜ್ಜೆ ಇಡಬೇಕೆಂದು ಅವನು ಅಂದುಕೊಂಡ, ಇಡಲಿಲ್ಲ. ಗುಡಿಸಲಿನ ಮುಂದೆ ಕೋಮಲಾ ತೊಡೆಯ ಮೇಲೆ ಪುಸ್ತಕವಿಟ್ಟು ಕೂತಿದ್ದಳು.

“ತಪ್ಪಾಯ್ತು ಕಣವ್ವ,” ಎಂದ, ಹಟ್ಟಿಯವರಿಗೆ ಕೇಳದ ಹಾಗೆ.

“ಏನ್ ಮಾಮ? ಕೇಳಿಸ್ಲಿಲ್ಲ.”

ಹುಳಿಯಾರಿನಲ್ಲಿ ಎಲ್ಲರಿಗಿಂತ ದೊಡ್ಡ ಬಾಕ್ಸುಗಳ ಒಡೆಯ ಇನ್ನೊಮ್ಮೆ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಯಿತು. ಅವಳು ಪುಸ್ತಕ ಮುಚ್ಚಿದಳು.

“ಬಸ್ಸಾಗೆ ಹುಡುಗ್ರು ಎಲ್ರುಗೂ ಅದ್ನೇ ಕೂಗ್ತಾವ್ರೆ. ಗುರುತು ಸಿಕ್ಕೀತು ಅಂತ ನಾನೂ ನಗಾಡ್ದೆ ಮಾಮ. ನನ್ ಹಾಡಿಗೆ ನಾನೇ ನಗಾಡ್ದೆ.”

ಚಿತ್ತೇಶ ಹೊಂಗೆ ಮರದ ಬುಡದಲ್ಲೇ ಕುಕ್ಕರಿಸಿದ. ಹಾಡನ್ನು ಮತ್ತೆ ಹಾಕು ಎಂದು ಬೇಡಿಕೊಂಡ.

“ಹಾಕ್ತೀನಿ. ಮೊದ್ಲು ನೀನು ಲೈವಲ್ಲಿ ಹೇಳು, ನಂಗೆ ಅರ್ಥ ಆಗಿರ್ಲಿಲ್ಲ ಅಂತ. ಅಷ್ಟೇ ಹೇಳು. ಭಾಷಣ ಬ್ಯಾಡ, ನನ್ ಸುದ್ದಿ ಬ್ಯಾಡ.”

“ಆಯ್ತು ಕಣವ್ವ,” ಎಂದ. ಆಗ ಅವನು ಹಾಗೆಯೇ ಮಾಡಬೇಕೆಂದಿದ್ದ.

ಭಾನುವಾರ ಬಂತು. ನೋಡುವವರು ಎಂದಿಗಿಂತ ಹೆಚ್ಚು, ಎಲ್ಲರಿಗೂ ಇನ್ನೊಂದು ತಮಾಷೆಯ ಆಸೆ. ಚಿತ್ತೇಶ ಗಂಟಲು ಸರಿಮಾಡಿಕೊಂಡು, “ಹೋದ್ ವಾರ ಆ ಹಾಡು ನಂಗೆ ಅರ್ಥ ಆಗಿರ್ಲಿಲ್ಲ. ತಪ್ಪು ನಂದು,” ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಆದರೆ ಹಾಗೆಂದ ಕೂಡಲೇ ಪರದೆಯ ಮೇಲೆ ಕೆಂಪು ಹೃದಯಗಳು ಏಳತೊಡಗಿದವು. ಹೊಗಳಿ ಹತ್ತಿಸುವವರಿದ್ದರೆ ಹೊನ್ನೇಮರದ ತುದಿಗೂ ಹತ್ತುವ ಜಾತಿಯವನು ಚಿತ್ತೇಶ. ಹೊರಗೆ ಎಂದರೇನು ಎಂದು ಬಿಡಿಸಿ ಹೇಳಿದ. ತಾಯಂದಿರ ಕಷ್ಟ ಹೇಳಿದ. ದನಿ ನಡುಗಿಸಿದ. ಆ ಗುಡಿಸಲಿನ ಮೇಲೆ ತಾನೇ ಹೊಸ ಹಾಡು ಬರೆಯುವುದಾಗಿ ಸಾರಿದ. ಹೃದಯಗಳು ಹೊಳೆಯಾಗಿ ಹರಿದವು.

“ಇದು ಕಣ್ಲಾ ರಿಯಲ್ಲು!” ಎಂದ ಮಹಾಂತೇಶ.

“ಆ ಹಾಡು ಹಾಡಿರೋದು ಬ್ಯಾರೆ ಯಾರೂ ಅಲ್ಲ ಕಣ್ಲಾ,” ಎಂದುಬಿಟ್ಟ ಚಿತ್ತೇಶ. “ನಾನೇ ಕಲ್ಸಿದ ಹುಡುಗಿ. ನಮ್ ಅಕ್ಕನ ಮಗ್ಳು!”

ಅವನಿಗಿರುವುದು ಒಬ್ಬಳೇ ಅಕ್ಕ, ಅಕ್ಕನಿಗಿರುವುದು ಒಬ್ಬಳೇ ಮಗಳು. ಅದು ಹಟ್ಟಿಗೆಲ್ಲ ಗೊತ್ತು. ಮಾತು ಬಾಯಿಂದ ಜಾರಿದ ಮೇಲೆ ಅವನಿಗೂ ಗೊತ್ತಾಯಿತು. ಅಂಗಡಿಯಿಂದ ಮನೆಗೆ ಹೋಗುವ ಒಳಬಾಗಿಲಲ್ಲಿ ನಿಂತಿದ್ದ ಯಮುನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನು ಲೈವ್ ನಿಲ್ಲಿಸಿದ. ಹುಡುಗಿ ಬೇಡವೆಂದದ್ದು ಎರಡೇ ಮಾತು, ಅವೆರಡನ್ನೂ ಅವನು ಮಾಡಿಬಿಟ್ಟಿದ್ದ. ಅದೂ ದ್ವೇಷಕ್ಕಲ್ಲ, ನಾಲ್ಕು ಜನ ಭೇಷ್ ಎನ್ನಲಿ ಎಂದು.

ಮಹಾಂತೇಶ ಮನೆಗೆ ಹೋಗಿ, ಸಂಜೆಯಾಗುವ ಹೊತ್ತಿಗೆ ಮಂಗಳಾಳ ಫೋನು ಬಂತು. “ಏನ್ಲಾ ಮಾಡ್ದೆ ನೀನು? ಹಿರೀಕರೆಲ್ಲ ಬಾಗ್ಲಾಗ್ ನಿಂತವ್ರೆ ಕಣ್ಲಾ! ಹಟ್ಟಿ ಮಾನ ಕಳುದ್ಳು ಅಂತವ್ರೆ!” ಹಿಂದೆ ಗಂಡಸರ ದನಿಗಳು ಏರುತ್ತಿದ್ದವು. ಆಮೇಲೆ ಫೋನು ಕೋಮಲಾಳ ಕೈಗೆ ಹೋಯಿತು.

“ಈಗ್ಲೇ ಬತ್ತೀನಿ ಕಣವ್ವ, ನಾನು ಮಾತಾಡ್ತೀನಿ,” ಎಂದ ಚಿತ್ತೇಶ.

“ಬ್ಯಾಡ. ನೀನ್ ಬಂದ್ರೆ ಇಲ್ಲೂ ಭಾಷಣ ಮಾಡ್ತೀಯ,” ಎಂದಳು. ದನಿಯಲ್ಲಿ ಅಳುವಿರಲಿಲ್ಲ. “ಹಾಡು ಮತ್ತೆ ಹಾಕಿದೀನಿ. ನನ್ ಗಂಟ್ಲಲ್ಲೇ. ಇನ್ನೇನೈತೆ ಮುಚ್ಕಣಾಕೆ?”

ಫೋನು ಕಟ್ಟಾಯಿತು. ಚಿತ್ತೇಶ ಅಂಗಡಿಯ ಸ್ಟೂಲಿನ ಮೇಲೆ ಕೂತು ಹಾಡು ಹುಡುಕಿದ. ದಪ್ಪ ಮಾಡಿದ ಗಂಟಲು ಹೋಗಿ, ಒಂಚೂರು ನಡುಗುವ, ಆದರೆ ಒಂದಕ್ಷರವನ್ನೂ ನುಂಗದ ಹುಡುಗಿಯ ದನಿ ಬಂತು. ಉಸಿರು ಎಳೆದುಕೊಳ್ಳುವ ಜಾಗಗಳೆಲ್ಲ ಅವನು ಹೇಳಿಕೊಟ್ಟವೇ. ಚೊಂಬು ಬಂತು, ಚಾಪೆ ಬಂತು, ಪುಸ್ತಕ ಬಂತು. ಮಾಮನ ಸಾಲಿಗಾಗಿ ಅವನು ಕಾದ. ಬೈಯಲಿ, ಇನ್ನೂ ಜೋರಾಗಿ ಬೈಯಲಿ, ಬೈಸಿಕೊಳ್ಳಬೇಕು ಎಂದುಕೊಂಡ.

“ಮಂಡಿ ಮಾತು ಹಾಡ್ದ ಯಾರೋ, ಸ್ಟೇಷನ್ ಮಾತು ಹಾಡ್ದ,
ಹಟ್ಟಿ ಹಿಂದಿನ್ ಗುಡಿಸ್ಲು ಕಂಡು ಸುಮ್ನೆ ಬಿಟ್ಟು ಓಡ್ದ.”

ಮಾಮ ಎನ್ನುವ ಮಾತೇ ಇರಲಿಲ್ಲ. ಇನ್ನೊಮ್ಮೆ ಹಾಕಿ ಕೇಳಿದ, ಆಗಲೂ ಯಾರೋ ಎಂದೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಮಹಾಂತೇಶನ ಫೋನು. “ಲೇ ಚಿತ್ತೇಶ, ಕೇಳ್ದೇನ್ಲಾ? ಈ ಸಲ ಪೂರ್ತಿ ಕೇಳ್ದೆ ಕಣ್ಲಾ, ಮೈಯೆಲ್ಲ ಜುಮ್ ಅಂತು. ಅದ್ಸರಿ, ಕೊನೇಲಿ ಯಾರೋ ಅಂತಾಳಲ್ಲ, ಯಾರ್ಲಾ ಅದು?”

ಮಂಡಿಯ ಹಾಡು ಯಾರದೆಂದು ಮಹಾಂತೇಶನಿಗೆ ಗೊತ್ತಿಲ್ಲದ್ದಲ್ಲ, ಇವನ ಬಾಯಿಂದಲೇ ಕೇಳಬೇಕಿತ್ತು ಅಷ್ಟೆ. ಚಿತ್ತೇಶ ಬಾಯಿ ತೆರೆದ. ‘ನಾನು’ ಎನ್ನುವುದು ಎಷ್ಟು ಸಣ್ಣ ಮಾತು.

“ಗೊತ್ತಿಲ್ಲ ಕಣ್ಲಾ,” ಎಂದ.

ಯಮುನಾ ಅಲ್ಲೇ ಬಾಗಿಲಲ್ಲಿದ್ದಳು, ಕೇಳಿಸಿಕೊಂಡಳು.